ಒಂದೇ ಪಟ್ಟಿಗೆ ಎರಡು ಹೆಸರು

ದ್ವೀಪರಾಜ್ಯದ ರಾಜಧಾನಿ ನುಕುಅಲೋಫಾದ ಹಡಗು ಕಚೇರಿಯಲ್ಲಿ ಪ್ರಯಾಣಿಕರ ಪಟ್ಟಿಯ ಪ್ರೋಗ್ರಾಂ ಬರೆದವಳು ಲೋಸಲೀನ. ಅದೇ ಪಟ್ಟಿ ಬಂದರಿನ ಪರದೆಯಲ್ಲೂ ಕಾಣುತ್ತಿತ್ತು. ಆ ಬೆಳಿಗ್ಗೆ ಹಡಗು ಅಪಾಯಕ್ಕೆ ಸಿಕ್ಕರೆ ಏನು ಮಾಡಬೇಕೆಂಬ ತಾಲೀಮು ನಡೆಸಬೇಕಿತ್ತು. ಹಾಪೈ ದ್ವೀಪಗಳಿಂದ ಬರುತ್ತಿದ್ದ ಹಡಗಿನ ಪಟ್ಟಿಯನ್ನು ಅವಳು 'ತಾಲೀಮು' ಎಂಬ ಹೊಸ ಹೆಸರಿಗೆ ಹಾಕಿಕೊಂಡು, ಮೊದಲ ಹದಿನಾಲ್ಕು ಜನರ ಮುಂದೆ 'ಕಾಣೆ' ಎಂದು ಗುರುತು ಮಾಡಿದಳು. ತಿದ್ದುತ್ತಿರುವುದು ನಕಲನ್ನು ಎಂದೇ ಅವಳ ನಂಬಿಕೆ.

ಕಾಲು ಗಂಟೆಯಲ್ಲಿ ಬಂದರಿನಿಂದ ಅಪ್ಪನ ಫೋನು ಬಂತು.

"ಮಗಳೇ, ಇಲ್ಲಿ ಪರದೆ ಮೇಲೆ ನಮ್ಮ ಅಕ್ಕ ಕಾಣೆ ಅಂತ ತೋರಿಸ್ತಿದೆ. ಹಡಗಿಗೆ ಏನಾಯ್ತು?"

ಅಕೋಸಿತಾ ಅತ್ತೆ ಲೋಸಲೀನಳ ತಮ್ಮನ ಮದುವೆಗೆಂದು ಹೊರಟವರು. ಅವರಿಲ್ಲದೆ ಆ ಮನೆಯಲ್ಲಿ ಯಾವ ಶುಭಕಾರ್ಯವೂ ಇಲ್ಲ. ಬಂದರಿನಲ್ಲಿ ಹೆಂಗಸರು ಅಳುವುದು ಫೋನಿನಲ್ಲೇ ಕೇಳಿಸಿತು.

ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ಮೊಸೆಸೆ ಆಗಲೇ ರೇಡಿಯೋ ಎತ್ತಿಕೊಂಡಿದ್ದ. "ಕ್ಯಾಪ್ಟನ್, ಅಕೋಸಿತಾ ಸೇರಿ ಹದಿನಾಲ್ಕು ಜನ ಕಾಣೆ ಅಂತ ತೋರಿಸ್ತಿದೆ, ಎಲ್ಲರನ್ನೂ ಎಣಿಸಿ ಹೇಳಿ."

ಕಾಯುತ್ತಾ ಲೋಸಲೀನ ಬಂದರಿಗೆ ಕಾಣುವ ಪಟ್ಟಿಯನ್ನು ತನ್ನ ಪರದೆಯಲ್ಲಿ ನೋಡಿದಳು. ಹದಿನಾಲ್ಕು ಜನ ಕಾಣೆ. ಆದರೂ ಹಡಗಿನಲ್ಲಿರುವವರ ಸಂಖ್ಯೆ ಅರವತ್ತೆರಡೇ ಇತ್ತು. ತಾಲೀಮಿಗೆಂದು ಆ ಸಂಖ್ಯೆಯನ್ನೂ ಹೊಸ ಹೆಸರಿಗೆ ಹಾಕಿಕೊಂಡು ಅವಳು ನಲವತ್ತೆಂಟಕ್ಕೆ ಇಳಿಸಿದ್ದಳು.

"ಮೊಸೆಸೆ, ಇದು ನಾನೇ ಮಾಡಿದ್ದು. ಸಂಖ್ಯೆ ಹಾಗೇ ಇದೆ, ಪಟ್ಟಿ ಮಾತ್ರ ಯಾಕೆ ಬದಲಾಯ್ತು?"

"ಸಂಖ್ಯೆ ಆದ್ರೆ ಅದರದೇ ಬೇರೆ ಪ್ರತಿ ಆಗುತ್ತೆ ಕಣೇ. ಪಟ್ಟಿ ಹಾಗಲ್ಲ. ನೀನು ಇರೋ ಪಟ್ಟಿಗೇ ಇನ್ನೊಂದು ಹೆಸರಿಟ್ಟೆ, ಅಷ್ಟೇ. ಎರಡು ಹೆಸರಲ್ಲಿ ಯಾವುದರಿಂದ ಕರೆದ್ರೂ ಸಿಗೋದು ಅದೇ."

ಅಷ್ಟರಲ್ಲಿ ರೇಡಿಯೋ ಕರಕರ ಎಂದಿತು. "ಅರವತ್ತೆರಡು. ಯಾರೂ ಕಾಣೆಯಾಗಿಲ್ಲ. ಇಲ್ಲೊಬ್ರು ಅಮ್ಮ ರೇಡಿಯೋ ಕಿತ್ಕೊಳ್ತಿದ್ದಾರೆ."

"ಯಾರದು ನನ್ನ ಕಾಣೆ ಮಾಡಿದ್ದು?" ಅತ್ತೆಯದೇ ಗಡಸು ದನಿ. "ನಾನಿಲ್ಲಿ ಮದುವೆಗೆ ಉಡುಗೊರೆ ತಂದ ಚಾಪೆಗಳ ಮೇಲೇ ಕೂತಿದೀನಿ."

ಲೋಸಲೀನ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಫೋನಿನಲ್ಲಿ ಅಪ್ಪನಿಗೆ ಹೇಳಿದಳು: "ಎಲ್ಲರೂ ಕ್ಷೇಮ ಅಪ್ಪ. ತಪ್ಪು ನಂದು. ಅಲ್ಲಿರೋರಿಗೆಲ್ಲ ಕೂಗಿ ಹೇಳಿ."

ಆ ಕಡೆ ಅಳು ನಿಂತು, ಯಾರೋ ದೇವರಿಗೆ ಸ್ತೋತ್ರ ಹೇಳಿದರು.

ಗುರುತುಗಳನ್ನು ಅಳಿಸಿ ಅವಳು ನಿಜವಾದ ನಕಲು ಮಾಡಲು ಕುಳಿತಳು. "ಹೊರಗಿನ ಪಟ್ಟಿ ಒಂದನ್ನೇ ನಕಲು ಮಾಡಿದ್ರೆ ಸಾಲದು," ಎಂದ ಮೊಸೆಸೆ, "ಒಳಗಿರೋ ಒಬ್ಬೊಬ್ಬರ ವಿವರಾನೂ ಬೇರೆ ಮಾಡು." ಹಾಗೇ ಮಾಡಿ, ನಕಲಿನಲ್ಲಿ ಒಂದು ಹೆಸರು ತಿದ್ದಿ ನೋಡಿದಳು. ಬಂದರಿಗೆ ಕಾಣುವ ಪಟ್ಟಿ ಮಿಸುಕಲಿಲ್ಲ.

ಮಧ್ಯಾಹ್ನ ಹಡಗು ದಡ ಮುಟ್ಟಿದಾಗ ಅವಳೂ ಬಂದರಿನಲ್ಲಿದ್ದಳು. ಅತ್ತೆ ಬೈಯುತ್ತಲೇ ಇಳಿದು, ಅವಳ ಕೆನ್ನೆಗೆ ಕೆನ್ನೆ ಒತ್ತಿ, ಬಹಳ ಹೊತ್ತು ಬಿಡಲೇ ಇಲ್ಲ.