ಪೊಲಿಕಾರ್ಪನ ಉಸಿರು

ಬೆನಿಸಿಯೊನ ಮಾನ ಕಳೆಯಲು ಎರಾಜ್ಮ್ ಕುಡ್ತರಿ ಊರಿನ ಮದುವೆಯನ್ನೇ ಆರಿಸಿಕೊಂಡ. ಸ್ವರ ತಿಳಿಯದ ಮನೆ ಆ ಊರಲ್ಲಿಲ್ಲ. ಅಲ್ಲಿ ನಗೆಪಾಟಲಾದವನು ಇಡೀ ಸಾಷ್ಟಿ ಸೀಮೆಯಲ್ಲಿ ತಲೆ ಎತ್ತಲಾರ.

ಬೆನಿಸಿಯೊ ಹಾಡುಗಾರ, ಬ್ಯಾಂಡಿನ ಯಜಮಾನ, ಕೈಕೆಳಗಿನವರ ಬಾಯಲ್ಲಿ 'ಪಾತ್ರಾಂವ್'. ಎರಾಜ್ಮನ ಅಪ್ಪ ಪೊಲಿಕಾರ್ಪ್ ಅವನ ಪಕ್ಕ ನಿಂತು ಟ್ರಂಪೆಟ್ ಊದುತ್ತಲೇ ಮುದುಕನಾದವನು. ಎರಾಜ್ಮನದು ಟ್ರ್ಯಾಕು ಕಟ್ಟುವ ಕೆಲಸ. ಡ್ರಮ್ಮು, ಬೇಸು ಎಲ್ಲ ಮೊದಲೇ ಕಂಪ್ಯೂಟರಿನಲ್ಲಿ ಸೇರಿಸಿಟ್ಟರೆ, ವೇದಿಕೆಯ ಮೇಲೆ ಇಬ್ಬರೇ ನಿಂತರೂ ಹತ್ತು ಜನರ ಬ್ಯಾಂಡು ಕೇಳಿಸುತ್ತದೆ.

ಮಳೆಗಾಲದಲ್ಲಿ ಬೆನಿಸಿಯೊ ಬಂದು ಹೇಳಿದ್ದ: "ನಿಮ್ಮಪ್ಪಂಗೆ ಜ್ವರ ಗಿರ ಬಂದ್ರೆ ಬೇಕಾಗತ್ತೆ ರೇ. ಎಲ್ಲಾ ಹಾಡಿಗೂ ಟ್ರಂಪೆಟ್ ತುಂಬಿಸಿಡು."

ಹೊರಗಿನ ಸದ್ದು ಬಾರದಂತೆ ಕಿಟಕಿಗೆ ಹಾಸಿಗೆ ಒರಗಿಸಿ, ಬೆವರು ಸುರಿಸುತ್ತಾ ಅಪ್ಪ ಊದಿದ. ಮಗ ಕಂಪ್ಯೂಟರಿಗೆ ತುಂಬಿಸಿಕೊಂಡ. ಜನವರಿಯಲ್ಲಿ ಮೂರು ರಾಜರ ಹಬ್ಬ ಮುಗಿದು ಮದುವೆಗಳು ಶುರುವಾದವು. ಹೆಂಡದಂಗಡಿಯಲ್ಲಿ ಹತ್ತಾರು ಜನರ ಮುಂದೆ ಬೆನಿಸಿಯೊ ಅಪ್ಪನ ಹೆಗಲು ತಟ್ಟಿದ.

"ಪೊಲಿಕಾರ್ಪ್ ಬಾಬ್, ಇನ್ನು ಮನೇಲಿ ಕೂತು ಗಂಜಿ ಕುಡೀರಿ. ನಿಮ್ಮ ಗಾಳಿಯೆಲ್ಲ ನಮ್ಮ ಪೆಟ್ಟಿಗೇಲಿದೆ!"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆ ನಗು ಎರಾಜ್ಮನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು.

ಅಪ್ಪನ ಜಾಗಕ್ಕೆ ಬಂದವನು ಬೆನಿಸಿಯೊನ ಹೆಂಡತಿಯ ತಮ್ಮ ಆಲ್ಡ್ರಿನ್. ಒಂದು ಸ್ವರ ಊದಲು ಬಾರದು. ಫಳಫಳ ಹೊಳೆಯುವ ಟ್ರಂಪೆಟ್ ತುಟಿಗಿಟ್ಟು ಕೆನ್ನೆ ಉಬ್ಬಿಸುತ್ತಾನೆ, ಪೆಟ್ಟಿಗೆಯಿಂದ ಪೊಲಿಕಾರ್ಪನ ಉಸಿರು ಹೊರಡುತ್ತದೆ, ಚಪ್ಪಾಳೆ ಆಲ್ಡ್ರಿನ್‌ಗೆ ಬೀಳುತ್ತದೆ.

"ಬಿಟ್ಟು ಬಾರೋ ಆ ಕೆಲಸ," ಅಂದಳು ತಾಯಿ.

ಎರಾಜ್ಮ್ ಬಿಡಲಿಲ್ಲ. ಹೊರಗೆ ಹೋದರೆ ಬೈಯಬಹುದು ಅಷ್ಟೆ. ಒಳಗಿದ್ದರೆ ಕುತ್ತಿಗೆ ಕೈಗೆ ಸಿಗುತ್ತದೆ.

ಟ್ರ್ಯಾಕಿಗೆ ಎರಡು ಪಾಲು. ಬಲಗಡೆಯದು ಸಭೆಗೆ. ಎಡಗಡೆಯದು ವೇದಿಕೆಯವರ ಕಿವಿಗೆ ಮಾತ್ರ: ತಾಳದ ಟಿಕ್ ಟಿಕ್, ಅದರ ಮೇಲೆ ಎರಾಜ್ಮನದೇ ದನಿ, "ಟ್ರಂಪೆಟ್ ಎತ್ತು... ಏಕ್, ದೋನ್, ತೀನ್, ಚಾರ್." ಆಲ್ಡ್ರಿನ್‌ಗೆ ಹಾಡಿನ ಗಂಧ ಗಾಳಿ ಇಲ್ಲ. ದನಿ ಎತ್ತು ಅಂದರೆ ಎತ್ತುತ್ತಿದ್ದ, ಇಳಿಸು ಅಂದರೆ ಇಳಿಸುತ್ತಿದ್ದ.

ಎರಾಜ್ಮ್ ತನ್ನ ದನಿಯನ್ನು ಇದ್ದಲ್ಲೇ ಬಿಟ್ಟ. ಅಪ್ಪನ ಟ್ರಂಪೆಟ್ಟನ್ನು ಮಾತ್ರ ತಡವಾಗಿ ಬರುವಂತೆ ಮುಂದಕ್ಕೆ ಜರುಗಿಸಿದ. ಸುತ್ತಲಿನ ಸದ್ದು ತಗ್ಗಿಸಿ ಅದನ್ನು ಎತ್ತರಿಸಿದ. ಸ್ವರ ಕೂಡುವ ಜಾಗ ಹುಡುಕಿ ಹುಡುಕಿ ಕೂರಿಸಿದ. ಅಪ್ಪನ ಊದು ಅಪಸ್ವರವಾಗಬಾರದು, ಬೆತ್ತಲಾಗಬೇಕಾದವನು ಬೇರೆ.

ಮದುವೆಯ ದಿನ ಕೇಕು ಕತ್ತರಿಸಿ, ಟೋಸ್ಟ್ ಎತ್ತಿ, ಕುಣಿತ ಶುರುವಾಯಿತು. ಮೊದಲ ಹಾಡುಗಳು ಸರಾಗ. ಕರೆ ಬಂದಿದ್ದರಿಂದ ಅಪ್ಪನೂ ಬಂದು ಊಟದ ಮೇಜಿನಲ್ಲಿ ಕೂತಿದ್ದ. ಅಂಗಳ ತುಂಬಿದ ಮೇಲೆ ಎರಾಜ್ಮ್ ಗುಂಡಿ ಒತ್ತಿದ.

ಏಕ್, ದೋನ್, ತೀನ್, ಚಾರ್. ಆಲ್ಡ್ರಿನ್ ಕಣ್ಣು ಮುಚ್ಚಿ, ಬೆನ್ನು ಬಾಗಿಸಿ, ಕೆನ್ನೆಯನ್ನು ಪೂರಿಯಂತೆ ಉಬ್ಬಿಸಿದ. ಟ್ರಂಪೆಟ್ಟಿನ ಸದ್ದೇ ಇಲ್ಲ. ಬೇಸು ಮಾತ್ರ ಧಿಂ ಧಿಂ ಅನ್ನುತ್ತಿತ್ತು. ಕುಣಿಯುವವರ ಕಾಲುಗಳು ತಡವರಿಸಿದವು. ಕಿವಿಯ ದನಿ ಇಳಿಸು ಅಂದಿತು. ಪೆಚ್ಚಾದ ಆಲ್ಡ್ರಿನ್ ಟ್ರಂಪೆಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಏನೂ ಆಗಿಲ್ಲವೆಂಬಂತೆ ಪಕ್ಕದಲ್ಲಿದ್ದ ತಟ್ಟೆಯ ಸಿಗಡಿ ಕಡುಬನ್ನು ಬಾಯಿಗೆ ತುರುಕಿದ.

ಆಗ ಟ್ರಂಪೆಟ್ ಮೊಳಗಿತು.

"ಹೋಯ್! ತಿಂತಾ ತಿಂತಾ ಊದ್ತಾನಲ್ಲಪ್ಪ!" ಅಂದ ಒಬ್ಬ ಮುದುಕ.

"ಯಾವ ಕಡೆಯಿಂದ ಊದ್ತಿದ್ದಾನೋ ಹಿಂದಕ್ಕೆ ಹೋಗಿ ನೋಡ್ರೇ!" ಅಂದಳು ಅವನ ಹೆಂಡತಿ.

ಅಂಗಳವೇ ಬಿದ್ದು ಬಿದ್ದು ನಕ್ಕಿತು. ಯಾರೋ ಕೂಗಿದರು: "ಇದು ಪೊಲಿಕಾರ್ಪನ ಊದು ಕಣ್ರೋ!"

ಬೆನಿಸಿಯೊಗೆ ಹಾಡಿನ ಮಾತು ಮರೆತುಹೋಯಿತು. ಮೈಕು ಮುಚ್ಚಿ ಎರಾಜ್ಮನ ಹತ್ತಿರ ಓಡಿಬಂದ. "ನಿಲ್ಸೋ, ನಾಯಿ!"

"ನಾನೇನ್ ಮಾಡ್ಲಿ ಪಾತ್ರಾಂವ್? ಪೆಟ್ಟಿಗೇಲಿ ಗಾಳಿ ಜಾಸ್ತಿಯಾಗಿದೆ."

ಕೊನೆಯ ಸ್ವರದವರೆಗೂ ನಿಲ್ಲಿಸಲಿಲ್ಲ.

ಮದುವೆ ಹೆಣ್ಣಿನ ತಂದೆ ಸಿಟ್ಟಿನಿಂದ ಕೆಂಪಾಗಿ ವೇದಿಕೆಯ ಬುಡಕ್ಕೆ ಬಂದ. "ಪೊಲಿಕಾರ್ಪ್ ಬಾಬ್ ಇಲ್ಲೇ ಊಟ ಮಾಡ್ತಿದ್ದಾರಲ್ಲ. ಹೋಗಿ ಕರಿ. ನೀನೇ ಹೋಗು."

ಎಲ್ಲರ ಕಣ್ಣೆದುರು ಬೆನಿಸಿಯೊ ಮೇಜುಗಳ ನಡುವೆ ನಡೆದು ಹೋಗಿ ಅಪ್ಪನ ಮುಂದೆ ಬಾಗಿದ. "ಬಾಬ್, ಒಂದೇ ಒಂದು ಹಾಡು ಊದಿ. ನನ್ನ ಮರ್ಯಾದೆ ಉಳಿಸಿ."

ಪೊಲಿಕಾರ್ಪ್ ಸೊರಪೊತೆಲ್‌ನ ಹಂದಿಮಾಂಸದ ಮಸಾಲೆ ಹತ್ತಿದ ಬೆರಳನ್ನು ನಿಧಾನವಾಗಿ ಒರೆಸಿಕೊಂಡ. "ನಾನೆಲ್ಲಿಂದ ಬರ್ಲಿ, ಬೆನಿಸ್? ನಾನು ನಿನ್ನ ಪೆಟ್ಟಿಗೇಲಿದ್ದೀನಲ್ಲ."

ಮತ್ತೆ ನಗು. ಅಪ್ಪ ಮಾತ್ರ ನಗಲಿಲ್ಲ. ಎದ್ದು ಮಗನ ಬಳಿ ಬಂದ.

"ನನ್ನನ್ನ ಅದರೊಳಗಿಂದ ತೆಗಿ."

"ಪಾಯ್... ಅಪ್ಪಾ, ಎಲ್ಲಾನೂ?"

"ತುಂಬಿದ್ದು ನೀನು. ತೆಗೆಯೋನೂ ನೀನೇ."

ಇದು ಎರಾಜ್ಮನ ಲೆಕ್ಕದಲ್ಲಿರಲಿಲ್ಲ. ಮನೆಯಲ್ಲಿ ಕೂತ ಮೇಲೆ ಅಪ್ಪನ ಮುಂದಿನ ಹಲ್ಲು ಬಿದ್ದಿತ್ತು, ಬೆನಿಸಿಯೊಗೆ ಅದು ಗೊತ್ತಿರಲಿಲ್ಲ. ಟ್ರಂಪೆಟ್ ಊದುವವನಿಗೆ ಆ ಹಲ್ಲು ಹೋದರೆ ಎಲ್ಲ ಹೋದ ಹಾಗೆ. ಇನ್ನು ಅಪ್ಪನ ಊದು ಲೋಕದಲ್ಲಿ ಉಳಿದಿದ್ದರೆ ಈ ಕಂಪ್ಯೂಟರಿನಲ್ಲಿ ಮಾತ್ರ. ಯಾರಾದರೂ ಕದ್ದಾರೆಂದು ನಕಲು ಇಡಲು ಬೆನಿಸಿಯೊನೇ ಬಿಟ್ಟಿರಲಿಲ್ಲ.

ಎರಾಜ್ಮ್ ಮೊದಲ ಹಾಡಿನ ಟ್ರಂಪೆಟ್ ಅಳಿಸಿದ. ಎರಡನೆಯದನ್ನೂ.

"ಏನ್ ಮಾಡ್ತಿದ್ದೀಯೋ!" ಬೆನಿಸಿಯೊ ಅವನ ಕೈ ಹಿಡಿಯಲು ಬಂದ. "ಉಪವಾಸದ ಕಾಲ ಬರೋವರೆಗೂ ಮದುವೆ ಒಪ್ಕೊಂಡಿದ್ದೀನಿ! ಕಾಲಿಗೆ ಬೀಳ್ತೀನಿ ರೇ!"

"ಬೀಳು," ಅಂದ ಎರಾಜ್ಮ್.

ಬೆನಿಸಿಯೊ ನಿಜವಾಗಿಯೂ ಮೊಣಕಾಲೂರಿದ. ಎರಾಜ್ಮ್ ಒಂದೊಂದಾಗಿ ಅಳಿಸುತ್ತಾ ಹೋದ. ಉದ್ದಕ್ಕೂ ಬೆನಿಸಿಯೊನ ಮುಖವನ್ನೇ ನೋಡುತ್ತಿದ್ದ. ಪರದೆಯ ಕಡೆಗೆ ನೋಡಿದ್ದರೆ ಕೈ ನಿಂತುಬಿಡುತ್ತಿತ್ತು.