ಭಾರವಿಲ್ಲದ ಜಾಗದಲ್ಲಿ ನನ್ನ ಹೃದಯ

ಮೈಕು ಕಿರ್ರೆಂದಿತು, ಅಕ್ಕ ಅದರ ತಲೆಗೆ ಬೆರಳಲ್ಲಿ ತಟ್ಟುತ್ತಿದ್ದಾಳೆ, ಅವಳ ಬೆನ್ನ ಹಿಂದೆ ಗೋಡೆಯಗಲದ ಪರದೆಯಲ್ಲಿ ತೆಳ್ಳನೆಯ ಗುಲಾಬಿ ತುಣುಕೊಂದು ಮುದುಡುತ್ತಿದೆ, ಅರಳುತ್ತಿದೆ — ಅದು ನಾನು, ಪಕ್ಕದ ಕುರ್ಚಿಯವರಿಗೆ ಹೇಳಿಬಿಡಲೇ, ರೀ, ಅದು ನನ್ನದು, ನನ್ನ ತೋಳಿನ ಒಳಬದಿಯಿಂದ ತೆಗೆದ ಚರ್ಮದ ಚೂರು, ಸೊಳ್ಳೆ ಕಚ್ಚಿದ ಹಾಗಿರತ್ತೆ ಅಷ್ಟೇ ಕಣೇ ಅಂದಿದ್ದಳು ಅಕ್ಕ, ವಾರವಿಡೀ ಉರಿಯಿತು, ಆ ಚರ್ಮದಿಂದ ಹೀಗೆ ಮಿಡಿಯುವ ಹೃದಯದ ಜೀವಕೋಶ ಬೆಳೆಸಿದರಂತೆ, ಅರ್ಧ ಇಲ್ಲೇ ಪ್ರಯೋಗಾಲಯದಲ್ಲಿ, ಅರ್ಧ ರಾಕೆಟ್ಟಿನಲ್ಲಿ ಮೇಲಕ್ಕೆ, ಭಾರವೇ ಇಲ್ಲದ ಕಡೆಗೆ. ಈಜು ಕಲಿಸುವವಳು ನಾನು, ದಿನವೆಲ್ಲ ನೀರಲ್ಲಿ ತೇಲ್ತೀಯಲ್ಲ, ನಿನ್ನ ಕೋಶಗಳಿಗೆ ಅದೇನು ಹೊಸದಲ್ಲ ಬಿಡು, ಎಂದು ನಕ್ಕಿದ್ದಳು, ನಾನು ಉಬ್ಬಿಹೋಗಿ ಕೊಳದ ಮಕ್ಕಳಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಇವತ್ತು ನನ್ನ ಭಾಷಣಕ್ಕೆ ಬರಬೇಡ, ನಿಂಗೆ ಬೋರಾಗತ್ತೆ ಅಂದಿದ್ದಳು, ಹೇಳದೆ ಬಂದು ಕೊನೆಯ ಸಾಲಿನಲ್ಲಿ ಕೂತೆ, ಮುಗಿದ ಮೇಲೆ ಹಿಂದಿನಿಂದ ಕಣ್ಣು ಮುಚ್ಚೋಣ ಅಂತ.

ಭಾರ ಇಲ್ಲದಾಗ ಕೆಲವು ಜೀನ್‌ಗಳು ಚುರುಕಾದವು, ಕೆಲವು ಮಂಕಾದವು ಎನ್ನುತ್ತಿದ್ದಾಳೆ, ಕೆಳಗೆ ತಂದ ಮೇಲೆ ಬಹುಪಾಲು ಮೊದಲಿನ ಹಾಗೇ ಆದವು, ಆದರೆ ಈ ದಾನಿಯ ಒಂದು ಜೀನ್‌ನಲ್ಲಿ ಹುಟ್ಟಿನಿಂದಲೇ ದೋಷವಿದೆ, ಇಲ್ಲಿ ಅಡಗಿದ್ದದ್ದು ಅಲ್ಲಿ ಹೊರಬಿತ್ತು, ಹೋದ ವರ್ಷವೇ ಖಚಿತವಾಯಿತು, ಇಂಥವರು ಮೈ ದಣಿಸಿದರೆ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು — ನಾವು ಚಿಕ್ಕವರಿದ್ದಾಗ ಅಪ್ಪ ಹೀಗೇ ಮೆಟ್ಟಿಲ ಮೇಲೆ ಕುಸಿದರು, ಕೈಯಲ್ಲಿದ್ದ ಹಾಲು ಒಂದೊಂದೇ ಮೆಟ್ಟಿಲಿಳಿದು ನಮ್ಮಿಬ್ಬರ ಪಾದದವರೆಗೆ ಬಂತು, ಅಕ್ಕ ನನ್ನನ್ನು ಹಿಂದಕ್ಕೆಳೆದಳು. ಹೋದ ವರ್ಷ. ಹೋದ ವರ್ಷ ಕೊಳದ ಅಂಚಲ್ಲಿ ಕಣ್ಣು ಕತ್ತಲಿಟ್ಟು ಅವಳಿಗೇ ತಾನೇ ಫೋನ್ ಮಾಡಿದ್ದು, ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ ನೀನು, ಅದಕ್ಕೇ ಅಂದಳು, ನನ್ನ ಕೋಶಗಳು ಹೇಗಿವೆ ಅಕ್ಕಾ ಅಂದೆ, ಆರಾಮಾಗಿವೆ, ನಿನ್ನ ಹಾಗೇ ಸೋಮಾರಿಗಳು. ಅದಾದ ಮೇಲೂ ಬಂದಳಲ್ಲ, ಇನ್ನೊಂದು ಸಲ ತೋಳು ಕೊಡೇ, ಮತ್ತೆ ಮೇಲಕ್ಕೆ ಕಳಿಸ್ತೀವಿ ಅಂತ, ಕೊಟ್ಟೆ, ಗೊತ್ತಿದ್ದರೆ ಕೊಡುತ್ತಿದ್ದೆನೇ, ಗೊತ್ತಾಗದಿರಲಿ ಅಂತಲೇ —

ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಕೇಳುತ್ತಿದ್ದಾರೆ, ದಾನಿಗೆ ತಿಳಿಸಿದ್ದೀರಾ ಮೇಡಂ, ಅಕ್ಕ ನೀರಿನ ಲೋಟ ಎತ್ತಿಕೊಳ್ಳುತ್ತಾಳೆ, ಒಂದು ಗುಟುಕು, ದಾನಿ ಯಾರು ಅನ್ನೋದು ನಮಗೂ ಗೊತ್ತಿರಲ್ಲ ಸರ್. ನಾನು ಎದ್ದೆ, ಕುರ್ಚಿ ದಡಾರೆಂದು ಮಡಚಿಕೊಂಡಿತು, ತಲೆಗಳೆಲ್ಲ ಹಿಂದಕ್ಕೆ ತಿರುಗಿದವು, ಸಾಲಿನಿಂದ ನುಗ್ಗಿ ಹೊರಬಂದೆ, ಬಾಗಿಲಿಗಲ್ಲ, ವೇದಿಕೆಯ ಕಡೆಗೆ, ಓಡುತ್ತಿದ್ದೇನೆ, ಅವಳ ಕೈಯ ಲೋಟ ವಾಲಿತು, ಮೈಕು ಆನ್ ಇದ್ದದ್ದು ಮರೆತು, ಎಲ್ಲರೆದುರು — ಪುಟ್ಟೀ, ಓಡ್ಬೇಡ, ಮೆಲ್ಲಗೆ, ನಿನ್ನ ಹೃದಯ — ಸಭೆಯೆಲ್ಲ ಕೇಳಿಸಿಕೊಂಡಿತು, ನಾನು ನಡುದಾರಿಯಲ್ಲಿ ನಿಂತುಬಿಟ್ಟೆ, ಎದೆಯ ಮೇಲೆ ಕೈ, ಅವಳ ಮುಖ ನೋಡಲಾರೆ, ಅವಳ ಹಿಂದಿನದ್ದನ್ನು ನೋಡುತ್ತಿದ್ದೇನೆ, ಗುಲಾಬಿ ತುಣುಕು ಮುದುಡಿತು, ಅರಳಿತು, ಮುದುಡಿತು, ಅರಳಿತು, ಮುದುಡಿತು, ಇನ್ನೂ ಮುದುಡಿಯೇ ಇದೆ