ಅಯಿಂಕೆಯ ಪುಸ್ತಕ

ನಮ್ಮ ಲಾಗೋಸಿನಲ್ಲಿ ಪುಸ್ತಕ ಬಿಡುಗಡೆಗೆ ಬರುವವರು ಓದುವ ಜನ ಅಲ್ಲ. ಬಿಡುಗಡೆ ಮಾಡುವ ದೊಡ್ಡ ಮನುಷ್ಯರೂ ಓದಿರುವುದಿಲ್ಲ. ಶೋಮೊಲುವಿನ ಈ ಗಲ್ಲಿಯಲ್ಲಿ ಅಚ್ಚಿನ ಅಂಗಡಿ ನಡೆಸುತ್ತಲೇ ಕೂದಲು ನರೆಸಿಕೊಂಡವಳು ನಾನು. ಎಷ್ಟೋ ಆತ್ಮಕಥೆಗಳನ್ನು ಹೊಲಿದು, ಅಂಟು ಹಾಕಿ, ಕಟ್ಟು ಕಟ್ಟಿ ಕಳಿಸಿದ್ದೇನೆ. ಅವುಗಳ ರಟ್ಟಿನ ಮೇಲೆ ಇದ್ದದ್ದು ಖರ್ಚು ಹಾಕಿದವನ ಹೆಸರು, ಬರೆದವರದ್ದಲ್ಲ. ಅದಕ್ಕೆ ನಾನೇನೂ ತಲೆ ಕೆಡಿಸಿಕೊಂಡವಳಲ್ಲ, ಮೊರೆನಿಕೆ ಬರುವ ತನಕ.

ಅವಳು ಕಾಲೇಜು ಮುಗಿಸಿ ಕೆಲಸ ಸಿಗದೆ ಅಲೆಯುತ್ತಿದ್ದ ಹುಡುಗಿ. ಶವಸಂಸ್ಕಾರದ ದಿನ ಹಂಚುವ ಪುಸ್ತಿಕೆಗಳೇ ನನ್ನ ಅಂಗಡಿಯ ಹೊಟ್ಟೆಪಾಡು: ಸತ್ತವರ ಫೋಟೋ, ಪ್ರಾರ್ಥನೆಗಳು, ಮಕ್ಕಳು ಮೊಮ್ಮಕ್ಕಳ ಹೆಸರು, ನಡುವೆ ಎರಡು ಪುಟ ಜೀವನಚರಿತ್ರೆ. ಆ ಎರಡು ಪುಟ ಬರೆಯಲು ಅವಳನ್ನು ಇಟ್ಟುಕೊಂಡೆ. ದೈವಭಕ್ತರು, ಉದಾರಿಗಳು, ಎಲ್ಲರಿಗೂ ಬೇಕಾದವರು ಎಂದು ಬರೆ, ಮುಗಿಯಿತು ಎಂದು ಹೇಳಿಕೊಟ್ಟೆ. ಅವಳು ಕೇಳಬೇಕಲ್ಲ. ಸತ್ತವರ ಮನೆಯವರನ್ನು ಕೂರಿಸಿಕೊಂಡು ಅಜ್ಜ ಯಾವುದಕ್ಕೆ ನಗುತ್ತಿದ್ದರು, ಅಜ್ಜಿಗೆ ಸಿಟ್ಟು ಬಂದರೆ ಏನು ಮಾಡುತ್ತಿದ್ದರು ಎಂದು ಕೆದಕುವಳು. ಒಬ್ಬ ಲಾರಿ ಡ್ರೈವರನ ಪುಸ್ತಿಕೆಯಲ್ಲಿ, ಅವನು ಮನೆ ಮುಂದೆ ಹಾರ್ನ್ ಹೊಡೆಯುವ ರೀತಿಯಿಂದಲೇ ಅವತ್ತು ಬಾಯಿ ಬಿಡಬೇಕೋ ಮುಚ್ಚಿಕೊಂಡಿರಬೇಕೋ ಹೆಂಡತಿಗೆ ಗೊತ್ತಾಗುತ್ತಿತ್ತು ಎಂದು ಬರೆದಳು. ಹೆಣದ ಮುಂದೆ ನಿಂತು ಜನ ಅದನ್ನು ಓದಿ ನಕ್ಕರಂತೆ, ಆ ವಿಧವೆಯೂ ನಕ್ಕಳಂತೆ. ಆಮೇಲೆ ಸತ್ತವರೆಲ್ಲ ನನ್ನ ಅಂಗಡಿಗೇ ಬರತೊಡಗಿದರು.

ಕರೆಂಟು ಹೋದರೆ ಗಲ್ಲಿಯವರೆಲ್ಲ ಸರ್ಕಾರಕ್ಕೆ ಹಿಡಿಶಾಪ ಹಾಕುತ್ತಿದ್ದರು. ಮೊರೆನಿಕೆಗೆ ಮಾತ್ರ ಖುಷಿ. ಯಂತ್ರಗಳು ನಿಂತ ಕೂಡಲೇ ಕಾಗದದ ಕಟ್ಟುಗಳ ಮೇಲೆ ಕೂತು ಫೋನ್ ತೆಗೆದು ತನ್ನದನ್ನು ಬರೆಯುವಳು. ತನ್ನದು ಎಂದರೆ ಅಮ್ಮನ ಕಥೆ. ಒಂದು ಮಾತು ಸರಿಯಾಗಿ ಕೂತ ದಿನ ಅವಳ ಮುಖ ನೋಡಬೇಕಿತ್ತು. ಊಟ ಮಾಡಿದೆಯಾ ಎಂದರೆ ಹೂಂ ಎನ್ನುವಳು, ಊಟದ ಡಬ್ಬಿ ಮುಚ್ಚಿದ ಹಾಗೆಯೇ ಇರುತ್ತಿತ್ತು. ಬರೆಯುವ ಹುಚ್ಚು ಕುಡಿತದ ಹುಚ್ಚಿಗಿಂತ ಕೆಟ್ಟದ್ದು ಎಂದು ನಾನು ರೇಗಿಸುತ್ತಿದ್ದೆ.

ಅವಳ ಅಮ್ಮ ಬಾರಿಗಾ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಅಕಾರಾ ಎಂಬ ಅಲಸಂದೆ ವಡೆ ಕರಿದು ಮಾರುವವಳು. ಹೆತ್ತವಳನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಇಲ್ಲ, ಎಲ್ಲರಿಗೂ ಅವಳು ಇಯಾ ಮೊರೆನಿಕೆ, ಮೊರೆನಿಕೆಯ ತಾಯಿ. ಅಲಸಂದೆ ಹಿಟ್ಟನ್ನು ಎಣ್ಣೆಗೆ ಬಿಡುತ್ತ ತನ್ನಷ್ಟಕ್ಕೆ ಒಂದು ಒರಿಕಿ ಹೇಳಿಕೊಳ್ಳುವಳು. ಒರಿಕಿ ಎಂದರೆ ಮನೆತನದ ಹೊಗಳಿಕೆ. ಒಂದು ಮನೆಯದು ಇನ್ನೊಂದು ಮನೆಗೆ ಸಲ್ಲುವುದಿಲ್ಲ, ಬೆಳಗ್ಗೆ ಮಕ್ಕಳನ್ನು ಎಬ್ಬಿಸುವಾಗ ತಾಯಂದಿರು ಹೇಳುವುದು. ಇಯಾ ಮೊರೆನಿಕೆಯನ್ನು ಅವಳಮ್ಮ ಎಬ್ಬಿಸುತ್ತಿದ್ದದ್ದು ಹೀಗೆ:

ಏಳು ಅಯಿಂಕೆ, ನೂಲಿನ ಮನೆಯ ಕೂಸೇ,
ನಿನ್ನಜ್ಜ ಮಗ್ಗಕ್ಕೆ ಕೂತರೆ ಊರಿನ ಮಾನ ಮುಚ್ಚುತ್ತಿತ್ತು,
ಬರಿಮೈಯಲ್ಲಿ ಬಂದವರು ಬಟ್ಟೆ ಉಟ್ಟು ಹೋದರು,
ಬಾಗಿಲು ಹಾಕದ ಮನೆಯ ಕುಡಿಯೇ, ಏಳು.

ಅಯಿಂಕೆ ಅವಳ ಹೊಗಳಿಕೆಯ ಹೆಸರು. ಅವಳಮ್ಮ ಸತ್ತ ಮೇಲೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಓದು ಬಾರದ ಆ ಹೆಂಗಸಿಗೆ ಮಗಳು ಒಂದು ಮಾತು ಕೊಟ್ಟಿದ್ದಳು, ನಿನ್ನ ಕಥೆ ಪುಸ್ತಕವಾಗುತ್ತೆ, ಅದರಲ್ಲಿ ನಿನ್ನ ಒರಿಕಿ ಇರುತ್ತೆ ಎಂದು. ಸಂಜೆ ಅಂಗಡಿಗೆ ಬಂದಾಗಲೆಲ್ಲ ಇಯಾ ಮೊರೆನಿಕೆ ಕೇಳುತ್ತಿದ್ದದ್ದು ಒಂದೇ. ನನ್ನ ಪುಸ್ತಕ ಬೆಂತಾ? ಇನ್ನೂ ಬೇಯಬೇಕು ಎಂದು ಮಗಳು ನಗುವಳು. ಒಬ್ಬ ಪ್ರಕಾಶಕರು ಪೂರ್ತಿ ಬರೆದು ಕಳಿಸು, ನೋಡೋಣ ಎಂದೂ ಹೇಳಿದ್ದರು.

ಇಂಥ ಹೊತ್ತಿನಲ್ಲಿ ಚೀಫ್ ಫಟುಸಿನ್ ಬಂದರು. ರಸ್ತೆಗೆ ಜಲ್ಲಿ ಒದಗಿಸುವ ಗುತ್ತಿಗೆಯಲ್ಲಿ ಮೇಲೆ ಬಂದ ಮನುಷ್ಯ. ಆ ರಸ್ತೆಗಳಲ್ಲಿ ಜಲ್ಲಿ ಎಲ್ಲಿದೆ ಎಂದು ನಾನು ಈಗಲೂ ಹುಡುಕುತ್ತಿದ್ದೇನೆ. ಹುಟ್ಟುಹಬ್ಬಕ್ಕೆ ಆತ್ಮಕಥೆ ಬೇಕಾಗಿತ್ತು. ಯಾರದೋ ಸಾವಿನ ಪುಸ್ತಿಕೆಯಲ್ಲಿ ಮೊರೆನಿಕೆಯ ಬರಹ ಓದಿ ಅವರ ಹೆಂಡತಿ ಅತ್ತಿದ್ದರಂತೆ. ತನ್ನದೇ ಪುಸ್ತಕ ಮುಗಿಸಿ ಪ್ರಕಾಶಕರಿಗೆ ಕಳಿಸುವುದಿದೆ ಎಂದು ಹುಡುಗಿ ಮೊದಲು ಒಲ್ಲೆ ಎಂದಳು. ಆಗ ಚೀಫ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

“ನೋಡಮ್ಮ, ನೀನು ಬರೆದಿದ್ದು ಅಂತ ಒಳಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿಸ್ತೀನಿ. ನಿನ್ನ ಆ ಪ್ರಕಾಶಕ ನಮ್ಮ ಕ್ಲಬ್ಬಿನವನೇ. ನಾನೊಂದು ಮಾತು ಹೇಳಿದ್ರೆ ನಿನ್ನ ಪುಸ್ತಕ ನಾಳೆ ಅಚ್ಚಿಗೆ.”

ಅವಳ ಕಣ್ಣು ಅರಳಿದ್ದನ್ನು ನಾನು ನೋಡಿದೆ. ದೊಡ್ಡವರ ಮಾತು ಹೊಟ್ಟೆ ತುಂಬಿಸುವುದಿಲ್ಲ ಎಂದು ಆಮೇಲೆ ಹೇಳಿದೆ. ಹೆಸರು ಹಾಕ್ತಾರಂತೆ ಆಂಟಿ ಎಂದಳು. ಅಲ್ಲಿಗೆ ನನ್ನ ಮಾತು ಮುಗಿಯಿತು.

ಚೀಫರಿಗೆ ತಮ್ಮ ಗುತ್ತಿಗೆಗಳ ಬಗ್ಗೆ ಎಷ್ಟು ಹೇಳಿದರೂ ಸಾಲದು. ತಾಯಿಯ ಬಗ್ಗೆ ಕೇಳಿದರೆ ಒಳ್ಳೆಯವರು, ದೈವಭಕ್ತೆ ಎಂದು ಗಡಿಯಾರ ನೋಡಿಕೊಳ್ಳುವರು. ಏನು ಅಡುಗೆ ಮಾಡುತ್ತಿದ್ದರು ಎಂದರೆ ಗೊತ್ತಿಲ್ಲ, ಹೇಗೆ ಎಬ್ಬಿಸುತ್ತಿದ್ದರು ಎಂದರೆ ನೆನಪಿಲ್ಲ. ಹಾಸ್ಟೆಲಿನಲ್ಲಿ ಬೆಳೆದ ಮಗ. ನೀನೇ ಏನಾದರೂ ಚೆನ್ನಾಗಿ ಬರಿ ಎಂದುಬಿಟ್ಟರು. ಅವಳು ಬರೆದಳು. ಓದಲು ನನಗೆ ಕೊಟ್ಟಾಗ ಹೊಗೆಯ ನಡುವೆ ಕೂತು ಅಕಾರಾ ಕರಿಯುವ ತಾಯಿ ಅಲ್ಲಿದ್ದಳು. ಎಣ್ಣೆ ಸಿಡಿದು ಸುಟ್ಟ ಮೊಣಕೈಯಿತ್ತು. ಮೊದಲ ಗಿರಾಕಿ ಬರುವ ತನಕ ತಾನು ಬಾಯಿಗೆ ಏನೂ ಹಾಕಿಕೊಳ್ಳದ ಹಟವಿತ್ತು. ಕೊನೆಗೆ ಮಗನನ್ನು ಎಬ್ಬಿಸುವ ಆ ನಾಲ್ಕು ಸಾಲು, ಯೊರುಬಾದಲ್ಲೇ ಇತ್ತು. ಅಯಿಂಕೆ ಎಂದಿದ್ದದ್ದು ಗಂಡಸಿನ ಹೆಸರಾಗಿ ಅಯಿನ್ಲಾ ಆಗಿತ್ತು, ಅಷ್ಟೇ.

“ಇದು ನಿಮ್ಮಮ್ಮ ಅಲ್ವೇನೇ?” ಎಂದೆ.

“ಹೆಸರು ಬದಲಾಯಿಸಿದ್ದೀನಲ್ಲ ಆಂಟಿ.”

“ಆ ಯಪ್ಪನ ಮನೆತನ ಬೇಟೆಗಾರರದ್ದು. ನೂಲಿನ ಮನೆ ಒರಿಕಿ ಅವರಿಗೆ ಯಾಕೆ ಕೊಟ್ಟೆ?”

“ಬೇರೆ ಹಾಕಿ ನೋಡಿದೆ. ಆ ಸಾಲು ತೆಗೆದ್ರೆ ಪುಟಾನೇ ಸತ್ತೋಗುತ್ತೆ ಆಂಟಿ. ಅವರಿಗೆ ಗೊತ್ತಾಗಲ್ಲ. ಯಾರು ಓದ್ತಾರೆ?”

ಬೇರೆಯವರಾಗಿದ್ದರೆ ಕೆಟ್ಟದಾಗಿ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಅವಳಿಗೆ ಕೆಟ್ಟದಾಗಿ ಬರೆಯಲು ಬರುತ್ತಿರಲಿಲ್ಲ, ಅದೇ ಅವಳ ಗ್ರಹಚಾರ. ಜಲ್ಲಿ ಮಾರುವವನ ಪುಸ್ತಕದಲ್ಲೂ ಒಂದು ಪುಟ ಸಾಯುವುದನ್ನು ನೋಡಲಾರದೆ ಮನೆಯ ಒಡವೆ ಬಿಚ್ಚಿಕೊಟ್ಟಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು.

ಅಚ್ಚು ಹಾಕಿಸಿದ್ದು ಹೊರದೇಶದಲ್ಲಿ, ನಮ್ಮ ಕಾಗದ ಚೀಫರಿಗೆ ಹಿಡಿಸಲಿಲ್ಲ. ಹಾಗಾಗಿ ಪುಸ್ತಕವನ್ನು ನಾವು ನೋಡಿದ್ದೇ ಬಿಡುಗಡೆಯ ದಿನ. ಮೊರೆನಿಕೆ ಅಮ್ಮನನ್ನೂ ಕರೆದುಕೊಂಡು ಬಂದಿದ್ದಳು. ನಾನು ಬರೆದ ಪುಸ್ತಕ, ನನ್ನ ಹೆಸರು ಇರುತ್ತೆ, ನೋಡುವೆಯಂತೆ ಬಾ ಎಂದಿದ್ದಳು. ಯಾರ ಪುಸ್ತಕ ಎಂದು ಹೇಳುವ ಧೈರ್ಯ ಬಂದಿರಲಿಲ್ಲ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು. ಇಯಾ ಮೊರೆನಿಕೆ ಮದುವೆಗೆ ಉಡುವ ನೀಲಿ ಬಟ್ಟೆ ಉಟ್ಟು, ತಲೆಗೆ ಗೆಲೆಯ ರುಮಾಲು ಬಿಗಿದು ಬಂದಿದ್ದಳು. ಸಭಾಂಗಣದಲ್ಲಿ ಚೀಫರ ಬಳಗವೆಲ್ಲ ಒಂದೇ ಬಗೆಯ ಹಸಿರು ಬಟ್ಟೆಯಲ್ಲಿ ಹೊಳೆಯುತ್ತಿತ್ತು. ನಮ್ಮನ್ನು ಹಿಂದೆ, ಅಡುಗೆಯವರು ಓಡಾಡುವ ಬಾಗಿಲ ಪಕ್ಕ ಕೂರಿಸಿದರು.

ಮೊರೆನಿಕೆ ಪುಸ್ತಕ ಕೈಗೆ ಸಿಕ್ಕ ಕೂಡಲೇ ಒಳಪುಟ ತೆಗೆದಳು. ಅಲ್ಲಿ ಇರಲಿಲ್ಲ. ಮುಂದಿನ ಪುಟ, ಅದರ ಮುಂದಿನ ಪುಟ. ಕೊನೆಯಲ್ಲಿ ಕೃತಜ್ಞತೆ ಇತ್ತು: ಪಾದ್ರಿಗೆ, ಡಾಕ್ಟರಿಗೆ, ಡ್ರೈವರಿಗೆ, ಮತ್ತು ಟೈಪಿಸ್ಟರಿಗೆ. ಟೈಪಿಸ್ಟರಿಗೆ ಹೆಸರಿರಲಿಲ್ಲ. ಅವಳು ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಅವಳ ಕೈ ಹಿಡಿದುಕೊಂಡೆ.

ವೇದಿಕೆಯ ಮೇಲೆ ಒಬ್ಬ ಪ್ರೊಫೆಸರು ಇಂಗ್ಲಿಷಿನಲ್ಲಿ ಪುಸ್ತಕವನ್ನು ಹೊಗಳುತ್ತಿದ್ದರು. ಇಯಾ ಮೊರೆನಿಕೆಗೆ ಒಂದಕ್ಷರ ತಿಳಿಯದು, ಆದರೂ ಎಲ್ಲರೂ ಚಪ್ಪಾಳೆ ತಟ್ಟುವಾಗ ತಟ್ಟುತ್ತಿದ್ದಳು. ತಾಯಿಯ ಅಧ್ಯಾಯಕ್ಕೆ ಬಂದಾಗ ಪ್ರೊಫೆಸರು ಪುಸ್ತಕ ಕೆಳಗಿಟ್ಟರು. ಇಂಥ ತಾಯಿ ಎಲ್ಲರಿಗೂ ಸಿಗುವುದಿಲ್ಲ ಎಂದು ಕನ್ನಡಕ ಒರೆಸಿಕೊಂಡರು. ಆಮೇಲೆ ಡೋಲಿನವನನ್ನು ಹತ್ತಿರ ಕರೆದು ಆ ನಾಲ್ಕು ಸಾಲನ್ನು ಕಿವಿಯಲ್ಲಿ ಹೇಳಿ, ಇದನ್ನು ಬಾರಿಸು ಎಂದರು.

ಕಂಕುಳಲ್ಲಿ ಅಮುಕಿ ಬಾರಿಸುವ ನಮ್ಮ ಡೋಲು ಮಾತಾಡುತ್ತದೆ, ಆದರೆ ಅಕ್ಷರ ಹೇಳಲಾರದು. ಮಾತಿನ ಏರಿಳಿತವನ್ನಷ್ಟೇ ಹೇಳುತ್ತದೆ. ಅಯಿಂಕೆ, ಅಯಿನ್ಲಾ ಎರಡಕ್ಕೂ ಒಂದೇ ಏರಿಳಿತ. ಕಾಗದದ ಮೇಲೆ ಹೆಸರು ಬದಲಾಯಿಸಿದ ಹುಡುಗಿಗೆ ಇದು ನೆನಪಿಗೆ ಬಂದಿರಲಿಲ್ಲ.

ಡೋಲು ಮೊದಲ ಸಾಲು ಹೇಳುತ್ತಿದ್ದ ಹಾಗೆ ಇಯಾ ಮೊರೆನಿಕೆ ತಲೆ ಎತ್ತಿದಳು. ಎರಡನೆಯ ಸಾಲಿಗೆ ಎದ್ದು ನಿಂತಳು. ತನ್ನ ಒರಿಕಿ ಕಿವಿಗೆ ಬಿದ್ದ ಮೇಲೆ ಕೂತಿರುವುದು ನಮ್ಮ ಜನಕ್ಕೆ ಆಗುವ ಮಾತಲ್ಲ. ಮೊರೆನಿಕೆ ಸೆರಗು ಹಿಡಿದೆಳೆದಳು, ಸಿಗಲಿಲ್ಲ. ಅಮ್ಮ ಹಸಿರು ಬಟ್ಟೆಯವರ ನಡುವೆ ದಾರಿ ಮಾಡಿಕೊಂಡು ಕುಣಿಯುತ್ತ ಮುಂದೆ ಹೋದಳು. ಬೆನ್ನು ಬಾಗಿಸಿ, ತೋಳು ಬಿಚ್ಚಿ, ಕಣ್ಣಲ್ಲಿ ನೀರು ಸುರಿಸುತ್ತ ಡೋಲಿನವನ ಮುಂದೆ ಮಂಡಿಯೂರಿದಳು. ಜನ ಹೋ ಎಂದರು. ಚೀಫರು ದುಡ್ಡು ಕೊಟ್ಟು ಕರೆಸಿದ ಹೆಂಗಸು ಎಂದುಕೊಂಡಿರಬೇಕು. ಚೀಫರೇ ಇಳಿದು ಬಂದು ಕುಣಿದವರಿಗೆ ನಮ್ಮಲ್ಲಿ ಮಾಡುವ ಹಾಗೆ ಅವಳ ಬೆವತ ಹಣೆಗೆ ನೈರಾ ನೋಟುಗಳನ್ನು ಅಂಟಿಸಿದರು.

“ನೋಡಿ, ನಮ್ಮಮ್ಮನ ಹೊಗಳಿಕೆ ಬಡವರನ್ನೂ ಕುಣಿಸುತ್ತೆ,” ಎಂದು ಮೈಕಿನಲ್ಲಿ ಹೇಳಿದರು.

ಅದೂ ಇಂಗ್ಲಿಷಿನಲ್ಲೇ ಆದದ್ದರಿಂದ ಅವಳಿಗೆ ತಿಳಿಯಲಿಲ್ಲ. ಏದುಸಿರು ಬಿಡುತ್ತ ಹಿಂದಕ್ಕೆ ಬಂದು ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದಳು.

“ನನಗೆ ಹೇಳ್ಲೇ ಇಲ್ಲವಲ್ಲೇ ಕಳ್ಳಿ. ನನ್ನ ಪುಸ್ತಕಕ್ಕೆ ಇಷ್ಟು ದೊಡ್ಡ ಜನಾನ ಕರೆಸಿದ್ದೀಯಾ?”

ಮೊರೆನಿಕೆ ಅಮ್ಮನ ಹಣೆಗೆ ಅಂಟಿದ್ದ ನೋಟುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಆ ಮುಖ ನೋಡಿ ನಿಜ ಹೇಳುವ ಧೈರ್ಯ ಯಾರಿಗೆ ಬರುತ್ತಿತ್ತು.

ಯಾರೋ ಕುರ್ಚಿಯ ಕೆಳಗೆ ಬಿಟ್ಟುಹೋಗಿದ್ದ ಒಂದು ಪ್ರತಿಯನ್ನು ಇಯಾ ಮೊರೆನಿಕೆ ಮನೆಗೆ ಒಯ್ದಳು. ಮರುದಿನದಿಂದ ಅದು ಬಾಣಲೆಯ ಪಕ್ಕ, ಎಣ್ಣೆ ಸಿಡಿಯದ ಹಾಗೆ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿತು. ಮಗಳು ನನ್ನ ಪುಸ್ತಕ ಬರೆದಿದ್ದಾಳೆ ಎಂದು ಬಸ್ಸಿನವರಿಗೆಲ್ಲ ತೋರಿಸುವಳು. ರಟ್ಟಿನ ಮೇಲಿರುವ ಗಂಡಸು ಯಾರು ಎಂದು ಒಬ್ಬ ಕಂಡಕ್ಟರ್ ಕೆಣಕಿದಾಗ ಅವಳ ಬಳಿ ಉತ್ತರ ಸಿದ್ಧವಿತ್ತು. ಚುನಾವಣೆಯಲ್ಲಿ ಹಂಚುವ ಅಕ್ಕಿ ಚೀಲದ ಮೇಲೆ ಹಂಚುವವರ ಮುಖ ಇರುತ್ತಲ್ಲ, ಒಳಗಿರುವುದು ಅಕ್ಕಿಯೇ ತಾನೆ ಎಂದಳಂತೆ. ಇದನ್ನು ಮಗಳಿಗೆ ಹೇಳಿ ನಕ್ಕಳು. ಮಗಳು ಎದ್ದು ಅಂಗಡಿಯ ಹಿಂದಕ್ಕೆ ಹೋದಳು.

ಹೇಳಿಬಿಡು ಎಂದು ನಾನು ಹೇಳುತ್ತಲೇ ಇದ್ದೆ. ನನ್ನ ಪುಸ್ತಕ ಬರಲಿ ಆಂಟಿ, ಅದನ್ನು ಕೈಗಿಟ್ಟು ಹೇಳ್ತೀನಿ ಎನ್ನುತ್ತಿದ್ದಳು. ಆ ಒಂದು ಆಸೆಯ ಮೇಲೆ ಕಾದಂಬರಿ ಮುಗಿಸಿ ಪ್ರಕಾಶಕರಿಗೆ ಕಳಿಸಿದಳು. ಎಷ್ಟು ಚೆನ್ನಾಗಿ ಬರೆದಿದ್ದಳೆಂದರೆ, ಓದಿ ನಾನು ಒಂದು ದಿನ ಅಂಗಡಿ ತೆರೆಯಲಿಲ್ಲ. ಪ್ರಕಾಶಕರ ಉತ್ತರ ಬೇಗನೆ ಬಂತು. ಮೊದಲ ಅಧ್ಯಾಯವನ್ನು ಚೀಫ್ ಫಟುಸಿನ್ ಅವರ ಆತ್ಮಕಥೆಯಿಂದ ಎತ್ತಿರುವುದು, ಅವರ ಮಾತೃಶ್ರೀಯವರ ಒರಿಕಿಯನ್ನೂ ಬಿಡದಿರುವುದು ತಮಗೆ ನೋವು ತಂದಿದೆ, ಇನ್ನು ಮುಂದೆ ತಮಗೆ ಏನೂ ಕಳಿಸಬಾರದು ಎಂದಿತ್ತು. ಅವಳು ಚೀಫರಿಗೆ ಫೋನ್ ಮಾಡಿದಳು. ಟೈಪಿಸ್ಟ್ ಎಂದು ಹೇಳಿಕೊಂಡ ಮೇಲೂ ಸಾಹೇಬರು ಬಿಡುವಾಗಿಲ್ಲ ಎಂದು ಫೋನ್ ಎತ್ತಿದವರು ಹೇಳಿದರು.

ಆ ಸಂಜೆ ಇಯಾ ಮೊರೆನಿಕೆ ಎಂದಿನಂತೆ ಉಳಿದ ಅಕಾರಾ ಕಟ್ಟಿಕೊಂಡು ಅಂಗಡಿಗೆ ಬಂದಳು. ಮೊರೆನಿಕೆ ಅವಳನ್ನು ಕಾಗದದ ಕಟ್ಟಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದಳು. ಪುಸ್ತಕ ಯಾರದು, ಡೋಲು ಯಾರನ್ನು ಕರೆದದ್ದು, ಹಣೆಗೆ ನೋಟು ಅಂಟಿಸಿದವನು ಯಾರು, ಪ್ರಕಾಶಕರು ತನ್ನನ್ನು ಕಳ್ಳಿ ಎಂದದ್ದು ಯಾಕೆ ಎಂದು ಒಂದೂ ಬಿಡದೆ ಹೇಳಿದಳು. ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಯಂತ್ರದ ಪಕ್ಕ ಒಣಗಲು ಹರಡಿದ್ದ ಯಾರದೋ ಶವಸಂಸ್ಕಾರದ ಪುಸ್ತಿಕೆಯನ್ನು ಎತ್ತಿ, ನಡುವಿನ ಎರಡು ಪುಟವನ್ನು ಬೆರಳಿನಿಂದ ಸವರಿದಳು.

“ನಾನು ಸತ್ತಾಗ ಇದರಲ್ಲಿ ಏನು ಬರೀತೀಯಾ ಮಗಾ?”

“ನಿನ್ನ ಕಥೇನೇ ಬರೀತೀನಿ ಅಮ್ಮ. ನಿನ್ನ ಒರಿಕಿ ಬರೀತೀನಿ.”

ಇಯಾ ಮೊರೆನಿಕೆ ಪುಸ್ತಿಕೆಯನ್ನು ಇದ್ದ ಜಾಗದಲ್ಲೇ ನೆಟ್ಟಗೆ ಇಟ್ಟಳು.

“ಬೇಡ. ಸತ್ತೋಳು ಚೀಫನ ಅಮ್ಮನ್ನ ಕದ್ದಳು ಅಂತಾರೆ.”

ಅಕಾರಾದ ಪೊಟ್ಟಣವನ್ನು ಮಗಳ ಕೈಗಿಟ್ಟು, ಕೆಡುವ ಮೊದಲೇ ತಿನ್ನು ಎಂದು ಹೇಳಿ ಹೊರಟಳು.